ನಾಯಕ್‌ನಿಂದ ಹವಾಲ್ದಾರ್: ಮೂರನೇ ಪಟ್ಟಿಗೆ ಸಿದ್ಧತೆ, ಪಟ್ಟಿ ಬಂದ ಮೇಲಿನ ಕೆಲಸ

"ನಾಯಕ್ ಆಗಿ ಆರು ವರ್ಷ ಆಯ್ತು, ಹವಾಲ್ದಾರ್ ಯಾವಾಗ ಆಗ್ತೀನಿ?" "ನನಗಿಂತ ಜೂನಿಯರ್ ಹೆಸರು ಬಂತು, ನನ್ನದು ಯಾಕೆ ಬರಲಿಲ್ಲ?" "ಎಂಎಸಿಪಿ ಸಿಕ್ಕಿದೆಯಲ್ಲ, ಅಲ್ಲಿಗೆ ನಾನು ಹವಾಲ್ದಾರ್ ಆದ ಹಾಗೇ ತಾನೆ?" ಭೂಸೇನೆಯಲ್ಲಿರುವ ನಮ್ಮ ಹುಡುಗರು, ಕೆಲವೊಮ್ಮೆ ಅವರ ಮನೆಯವರು, ಈ ಮೂರು ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳುತ್ತಲೇ ಇರುತ್ತಾರೆ. (ಎಂಎಸಿಪಿ ಎಂದರೆ ಬಡ್ತಿ ಇಲ್ಲದೆಯೇ ಸಂಬಳದ ಲೆವೆಲ್ ಏರುವುದು.) ಮೂರಕ್ಕೂ ಉತ್ತರ ಒಂದೇ ಕಡೆ ಸಿಗಲಿ ಎಂದು ಇದನ್ನು ಹಂತಹಂತವಾಗಿ ಬರೆದಿದ್ದೇವೆ.

ಮೊದಲು ದರ್ಜೆಗಳ ಲೆಕ್ಕ. ಸಿಪಾಯಿಯ ತೋಳಿನಲ್ಲಿ ಪಟ್ಟಿ ಇರುವುದಿಲ್ಲ. ಲ್ಯಾನ್ಸ್ ನಾಯಕ್‌ಗೆ ಒಂದು, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಟ್ಯಾಂಕ್ ರೆಜಿಮೆಂಟ್‌ಗಳಲ್ಲಿ ಹವಾಲ್ದಾರ್‌ಗೆ ದಫೇದಾರ್ ಎನ್ನುತ್ತಾರೆ. ವಾಯುಸೇನೆಯ ಸಾರ್ಜೆಂಟ್ ಕೂಡ ಇದಕ್ಕೆ ಸಮನಾದ ದರ್ಜೆ. ಹವಾಲ್ದಾರ್‌ನ ಮೇಲೆ ನಾಯಬ್ ಸುಬೇದಾರ್, ಅಂದರೆ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ವರ್ಗ ಶುರುವಾಗುತ್ತದೆ. 2022ರ ನಂತರ ಸೇರಿದ ಅಗ್ನಿವೀರರು ಈ ಏಣಿಯಿಂದ ಹೊರಗಿನ ಪ್ರತ್ಯೇಕ ದರ್ಜೆಯವರು. ನಾಲ್ಕು ವರ್ಷದ ಬಳಿಕ ಕಾಯಂ ಸೇವೆಗೆ ಆಯ್ಕೆಯಾದವರಿಗೆ ಮಾತ್ರ ಇಲ್ಲಿ ಹೇಳುವ ದಾರಿ ತೆರೆಯುತ್ತದೆ.

ಒಂದು ಮಾತನ್ನು ಆರಂಭದಲ್ಲೇ ಗಟ್ಟಿಯಾಗಿ ಹೇಳಿಬಿಡುತ್ತೇವೆ. ಹವಾಲ್ದಾರ್ ಪ್ರಮೋಷನ್ ತಪ್ಪಿದವರಲ್ಲಿ ಯೋಗ್ಯತೆ ಇಲ್ಲದವರು ಕಡಿಮೆ. ಹುದ್ದೆ ಖಾಲಿಯಾದ ದಿನ ಒಂದು ಪರೀಕ್ಷೆ ಬಾಕಿ, ಒಂದು ಕಾಗದ ಬಾಕಿ, ಇಲ್ಲವೇ ಮೆಡಿಕಲ್ ಕೆಳಗಿದೆ. ಹುದ್ದೆ ನಿಮಗಾಗಿ ಕಾಯುವುದಿಲ್ಲ, ಸೀನಿಯಾರಿಟಿಯಲ್ಲಿ ನಿಮ್ಮ ಕೆಳಗಿರುವವನಿಗೆ ಹೋಗುತ್ತದೆ. ಹಾಗಾಗಿ ಎರಡನೇ ಪಟ್ಟಿ ಹಾಕಿಕೊಂಡ ವಾರದಿಂದಲೇ ಮೂರನೆಯದರ ಕೆಲಸ ಶುರುವಾಗಬೇಕು.

ಹಂತ 1: ಕಾಗದದಲ್ಲಿ ನೀವು ಯಾರು, ನೋಡಿಕೊಳ್ಳಿ

ಪ್ರಮೋಷನ್ ನಿರ್ಧಾರವಾಗುವುದು ದಾಖಲೆಯ ಮೇಲೆ. ಮೈದಾನದಲ್ಲಿ ನೀವು ಎಷ್ಟೇ ಚುರುಕಾಗಿದ್ದರೂ ರೆಕಾರ್ಡ್ ಆಫೀಸಿಗೆ ಕಾಣುವುದು ನಿಮ್ಮ ಶೀಟ್ ರೋಲ್ ಮಾತ್ರ. ಶೀಟ್ ರೋಲ್ ಎಂದರೆ ಭರ್ತಿಯಾದ ದಿನದಿಂದ ನಿಮ್ಮ ಸೇವೆಯ ವಿವರವೆಲ್ಲ ಇರುವ ಕಡತ. ಮದುವೆ, ಮಗು, ಕೋರ್ಸ್, ಪರೀಕ್ಷೆ, ಶಿಕ್ಷೆ, ಬಡ್ತಿ, ಯಾವುದೇ ಆಗಲಿ, ಯೂನಿಟ್ ಅದನ್ನು ಪಾರ್ಟ್ ಟು ಆರ್ಡರ್ ಎಂಬ ಅಧಿಕೃತ ಆದೇಶವಾಗಿ ಹೊರಡಿಸಿದ ಮೇಲೆಯೇ ಅದು ದಾಖಲೆ ಎನಿಸಿಕೊಳ್ಳುತ್ತದೆ.

ಕಂಪನಿ ಕ್ಲರ್ಕ್ ಮೂಲಕ ಅನುಮತಿ ಪಡೆದು ಕುಳಿತು ಈ ಆರನ್ನು ಹೊಂದಿಸಿ ನೋಡಿ: ಭರ್ತಿಯ ದಿನಾಂಕ, ನಾಯಕ್ ದರ್ಜೆಯ ಸೀನಿಯಾರಿಟಿ ದಿನಾಂಕ, ಶಿಕ್ಷಣ ಪರೀಕ್ಷೆಗಳು, ಕೋರ್ಸ್‌ಗಳ ಫಲಿತಾಂಶ, ಮೆಡಿಕಲ್ ವರ್ಗ, ಶಿಕ್ಷೆಯ ನಮೂದುಗಳು.

ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಬೇರೆ ಸ್ಟೇಷನ್‌ನಲ್ಲಿ ಕೋರ್ಸ್ ಪಾಸಾಗಿರುತ್ತೀರಿ, ಫಲಿತಾಂಶ ಬರುವಷ್ಟರಲ್ಲಿ ಪೋಸ್ಟಿಂಗ್ ಆಗಿರುತ್ತದೆ, ಹಳೆಯ ಯೂನಿಟ್ ಹೊಸದು ಮಾಡಲಿ ಎಂದು ಬಿಟ್ಟಿರುತ್ತದೆ, ಹೊಸದು ಹಳೆಯದೇ ಮಾಡಿರುತ್ತದೆ ಎಂದುಕೊಂಡಿರುತ್ತದೆ. ಪಾರ್ಟ್ ಟು ಆರ್ಡರ್ ಎಲ್ಲೂ ಹೊರಟಿರುವುದಿಲ್ಲ. ಆದೇಶದ ನಂಬರು, ದಿನಾಂಕ ಎರಡನ್ನೂ ನಿಮ್ಮದೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ, ನಕಲು ಪ್ರತಿ ಪೆಟ್ಟಿಗೆಯಲ್ಲಿರಲಿ. ಎರಡನೆಯದು ನಮ್ಮ ಕಡೆಯವರಿಗೇ ಹೆಚ್ಚು ಕಾಡುವ ಸಮಸ್ಯೆ: ಶಾಲೆಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಸೇನೆಯ ದಾಖಲೆಯಲ್ಲಿ ತಂದೆಯ ಹೆಸರನ್ನೋ ಊರ ಹೆಸರನ್ನೋ ಬಿಡಿಸಿ ಬರೆದಿರುತ್ತಾರೆ. ಒಂದೇ ಅಕ್ಷರದ ವ್ಯತ್ಯಾಸಕ್ಕೂ ಕಾಗದ ವಾಪಸ್ ಬರುತ್ತದೆ. ತಿದ್ದುಪಡಿಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಈಗಲೇ ಶುರು ಮಾಡಿ.

ನಿಮ್ಮ ಸರದಿ ಯಾವಾಗ ಎಂಬುದನ್ನು ನೀವೇ ಅಂದಾಜು ಮಾಡಬಹುದು. ಇನ್‌ಫೆಂಟ್ರಿಯಲ್ಲಿ ಸೀನಿಯಾರಿಟಿ ನಡೆಯುವುದು ಪಲ್ಟಣದೊಳಗೆ. ಸಿಗ್ನಲ್ಸ್, ಎಎಸ್‌ಸಿ (ಸರಬರಾಜು, ಸಾಗಣೆ ವಿಭಾಗ), ಇಎಂಇಯಂಥ (ಯಂತ್ರ, ವಾಹನ ದುರಸ್ತಿ ವಿಭಾಗ) ಕಡೆ ಟ್ರೇಡ್‌ವಾರು, ಅಂದರೆ ಕೆಲಸದ ಬಗೆಗೆ ತಕ್ಕಂತೆ, ರೋಸ್ಟರ್ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ನಿಮ್ಮ ಮೇಲೆ ಎಷ್ಟು ನಾಯಕ್‌ಗಳಿದ್ದಾರೆ, ಮುಂದಿನ ಎರಡು ವರ್ಷದಲ್ಲಿ ಎಷ್ಟು ಹವಾಲ್ದಾರ್‌ಗಳು ನಿವೃತ್ತರಾಗುತ್ತಾರೆ ಅಥವಾ ನಾಯಬ್ ಸುಬೇದಾರ್ ಆಗುತ್ತಾರೆ ಎಂದು ಎಣಿಸಿ. ಎರಡು ಸಂಖ್ಯೆಗಳು ಹತ್ತಿರ ಹತ್ತಿರ ಬಂದರೆ ನಿಮಗಿರುವ ಸಮಯ ಕಡಿಮೆ ಎಂದರ್ಥ.

ಹಂತ 2: ಓದು, ಅದರಲ್ಲೂ ಮ್ಯಾಪ್ ರೀಡಿಂಗ್

ಸೇನೆಯ ಶಿಕ್ಷಣ ಪರೀಕ್ಷೆಗೆ ಎಸಿಇ ಎಂದು ಹೆಸರು. ಮೂರನೇ, ಎರಡನೇ, ಮೊದಲನೇ ದರ್ಜೆ ಎಂದು ಮೂರು ಮೆಟ್ಟಿಲು. ನಿಮ್ಮ ಆರ್ಮ್‌ನ, ಅಂದರೆ ಸೇನೆಯಲ್ಲಿ ನೀವಿರುವ ವಿಭಾಗದ, ಪ್ರಮೋಷನ್ ನೀತಿಯಲ್ಲಿ ಹವಾಲ್ದಾರ್‌ಗೆ ಎಸಿಇಯ ಯಾವ ದರ್ಜೆ, ಮ್ಯಾಪ್ ರೀಡಿಂಗ್‌ನ ಯಾವ ದರ್ಜೆ ಬೇಕೆಂದು ಬರೆದಿರುತ್ತದೆ. ಅದನ್ನು ಕ್ಲರ್ಕ್ ಬಳಿ ಕೇಳಿ ಕಣ್ಣಾರೆ ಓದಿ. ಬ್ಯಾರಕ್ಕಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ಟೆಕ್ನಿಕಲ್ ಟ್ರೇಡ್‌ನವರು ಟ್ರೇಡ್ ಕ್ಲಾಸ್ ಪರೀಕ್ಷೆಯನ್ನೂ ಇದರೊಟ್ಟಿಗೆ ಲೆಕ್ಕ ಹಿಡಿಯಬೇಕು.

ಎಸಿಇ ಓದಿದರೆ ಆಗುತ್ತದೆ. ಹೆಚ್ಚಿನವರು ಬೀಳುವುದು ಮ್ಯಾಪ್ ರೀಡಿಂಗ್‌ನಲ್ಲಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸಾಮಾನ್ಯವಾಗಿ ಕೈಗೆ ಬರುವುದು 1:50,000 ನಕ್ಷೆ. ಅದರಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಗ್ರಿಡ್ ಚೌಕದ ಒಂದು ಬದಿ ಅಷ್ಟೇ ಉದ್ದ. ನಾಲ್ಕಂಕಿಯ ಗ್ರಿಡ್ ರೆಫರೆನ್ಸ್ ಆ ಇಡೀ ಚೌಕವನ್ನು ಹೇಳುತ್ತದೆ. ಆರಂಕಿಯದಕ್ಕೆ ಚೌಕದ ಬದಿಯನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಬೇಕು. ಒಂದು ಪಾಲು ನಕ್ಷೆಯ ಮೇಲೆ 2 ಮಿಲಿಮೀಟರ್, ನೆಲದ ಮೇಲೆ 100 ಮೀಟರ್. ಮೊದಲು ಎಡದಿಂದ ಬಲಕ್ಕೆ ಈಸ್ಟಿಂಗ್, ಆಮೇಲೆ ಕೆಳಗಿನಿಂದ ಮೇಲಕ್ಕೆ ನಾರ್ದಿಂಗ್. ತಪ್ಪುವುದು ಎಲ್ಲಿ ಗೊತ್ತೇ? ಬಿಂದು ಬಲಗಡೆಯ ಗೆರೆಗೆ ಹತ್ತಿರವಿದ್ದಾಗ ಕಣ್ಣು ಆ ಗೆರೆಯ ಅಂಕಿಯನ್ನೇ ಎತ್ತಿಕೊಳ್ಳುತ್ತದೆ. ಬಿಂದು ಎಲ್ಲೇ ಇರಲಿ, ಚೌಕದ ಎಡಗೆರೆಯ ಮತ್ತು ಕೆಳಗೆರೆಯ ಅಂಕಿಯೇ ನಿಮ್ಮದು.

ದಿಕ್ಸೂಚಿಯಿಂದ ಬರುವ ಬೇರಿಂಗ್, ಅಂದರೆ ದಿಕ್ಕಿನ ಕೋನ, ಕಾಂತೀಯ ಉತ್ತರದಿಂದ ಅಳೆದದ್ದು, ನಕ್ಷೆಯ ಮೇಲೆ ಎಳೆಯುವ ಗೆರೆ ಗ್ರಿಡ್ ಉತ್ತರದಿಂದ ಹೋಗುವಂಥದ್ದು. ಇವೆರಡರ ನಡುವಿನ ವ್ಯತ್ಯಾಸವನ್ನು ನಕ್ಷೆಯ ಅಂಚಿನಲ್ಲಿ, ಯಾವ ವರ್ಷದ ಅಳತೆ ಎಂಬುದರ ಸಮೇತ ಕೊಟ್ಟಿರುತ್ತಾರೆ. ಹಳೆಯ ನಕ್ಷೆಯಾದರೆ ವರ್ಷಕ್ಕಿಷ್ಟು ಎಂದು ಕೂಡಿಸಬೇಕು ಇಲ್ಲವೇ ಕಳೆಯಬೇಕು. ಹಿಮ್ಮುಖ ಬೇರಿಂಗ್‌ಗೆ 180ಕ್ಕಿಂತ ಕಡಿಮೆಯಿದ್ದರೆ 180 ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ. 70 ಡಿಗ್ರಿಯ ಹಿಮ್ಮುಖ 250, 245ರದ್ದು 65.

ನೀವು ನಿಂತಿರುವ ಜಾಗವನ್ನು ನಕ್ಷೆಯಲ್ಲಿ ಹುಡುಕುವುದಕ್ಕೆ ರಿಸೆಕ್ಷನ್ ಎನ್ನುತ್ತಾರೆ. ದೂರದಲ್ಲಿ ಕಾಣುವ, ನಕ್ಷೆಯಲ್ಲೂ ಗುರುತಾಗಿರುವ ಮೂರು ಗುರುತುಗಳನ್ನು ಆರಿಸಿ. ಪ್ರತಿಯೊಂದಕ್ಕೂ ಬೇರಿಂಗ್ ತೆಗೆದು, ಗ್ರಿಡ್‌ಗೆ ಬದಲಿಸಿ, ಹಿಮ್ಮುಖ ಮಾಡಿ, ಆ ಗುರುತಿನಿಂದ ನಿಮ್ಮ ಕಡೆಗೆ ಗೆರೆ ಎಳೆಯಿರಿ. ಮೂರೂ ಸೇರುವಲ್ಲಿ ನೀವಿದ್ದೀರಿ. ಸಣ್ಣ ತ್ರಿಕೋನ ಬಂದರೆ ಅದರೊಳಗೆ, ದೊಡ್ಡ ತ್ರಿಕೋನ ಬಂದರೆ ಎಲ್ಲೋ ತಪ್ಪಾಗಿದೆ, ಮೊದಲಿಂದ ಮಾಡಿ. ಗುರುತುಗಳು ಒಂದಕ್ಕೊಂದು ತೀರ ಹತ್ತಿರ ಇದ್ದರೆ ಗೆರೆಗಳು ಓರೆಯಾಗಿ ಕೂಡಿ ಜಾಗ ಖಚಿತವಾಗುವುದಿಲ್ಲ. ನಡುವೆ ಕನಿಷ್ಠ 30 ಡಿಗ್ರಿಯಾದರೂ ಕೋನ ಇರಲಿ. ಬೇರಿಂಗ್ ತೆಗೆಯುವಾಗ ರೈಫಲ್ ಹೆಗಲಲ್ಲೇ ಇದ್ದರೆ ಮುಳ್ಳು ವಾಲುತ್ತದೆ. ರೈಫಲನ್ನು ಪಕ್ಕದವನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ದೂರ ನಿಲ್ಲಿ.

ರಾತ್ರಿ ನಡಿಗೆಯ ಲೆಕ್ಕ ಬಡ್ತಿಗೆ ಮೊದಲಿನ ತರಬೇತಿಯಾದ ಕೇಡರ್‌ನಲ್ಲೂ ಬರುತ್ತದೆ, ಗಡಿಯಲ್ಲೂ ಬರುತ್ತದೆ. ಬೇರಿಂಗ್‌ನಲ್ಲಿ 1 ಡಿಗ್ರಿ ತಪ್ಪಿದರೆ 1 ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೀರಿ, 3 ಡಿಗ್ರಿಗೆ 50 ಮೀಟರ್ ದಾಟುತ್ತದೆ. ಡ್ರಿಲ್‌ನ 30 ಇಂಚಿನ ಹೆಜ್ಜೆಯಲ್ಲಿ 100 ಮೀಟರಿಗೆ ಸುಮಾರು 131 ಹೆಜ್ಜೆ. ಕತ್ತಲಲ್ಲಿ, ಏರಿನಲ್ಲಿ, ಬೆನ್ನಿಗೆ ಭಾರವಿದ್ದಾಗ ಹೆಜ್ಜೆ ಗಿಡ್ಡವಾಗುತ್ತದೆ. ಆದ್ದರಿಂದ ಅಳೆದ 100 ಮೀಟರಿನಲ್ಲಿ ಹಗಲೊಮ್ಮೆ, ರಾತ್ರಿಯೊಮ್ಮೆ, ಭಾರ ಹೊತ್ತು ಒಮ್ಮೆ ನಡೆದು ನಿಮ್ಮದೇ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಹಂತ 3: ದೇಹ, ಮೆಡಿಕಲ್

ಬಿಪಿಇಟಿ ಎಂಬ ಯುದ್ಧ ದೈಹಿಕ ಪರೀಕ್ಷೆಯಲ್ಲಿ ಶಸ್ತ್ರ ಮತ್ತು ಸಾಮಾನಿನೊಂದಿಗೆ 5 ಕಿಲೋಮೀಟರ್ ಓಟ, 60 ಮೀಟರ್ ಸ್ಪ್ರಿಂಟ್, ನೇರ ಹಗ್ಗ, ಅಡ್ಡ ಹಗ್ಗ, 9 ಅಡಿ ಕಂದಕ ಇರುತ್ತವೆ. ನಾಯಕ್ ಆಗುವ ವೇಳೆಗೆ ಮೂವತ್ತು ಸಮೀಪಿಸಿರುತ್ತದೆ. ಓಟ ಹೇಗೋ ಆಗಿಬಿಡುತ್ತದೆ, ಕೈಕೊಡುವುದು ಹಗ್ಗ. ತೋಳಿನ ಬಲ ಇದ್ದರೂ ಕಾಲಿನಿಂದ ಹಗ್ಗ ಬಿಗಿಹಿಡಿಯುವ ರೂಢಿ ತಪ್ಪಿರುತ್ತದೆ. ವಾರಕ್ಕೆ ಮೂರು ದಿನ ಹಗ್ಗ ಹತ್ತಿ. ಭಾರ ಹೊತ್ತ 5 ಕಿಲೋಮೀಟರ್ ವಾರಕ್ಕೊಮ್ಮೆ ಸಾಕು. ದಿನವೂ ಭಾರ ಹೊತ್ತು ಓಡಿದವರ ಮೊಣಕಾಲು, ಹಿಮ್ಮಡಿ ನೋವಾಗಿ ಪರೀಕ್ಷೆಯ ಹೊತ್ತಿಗೆ ಎಂಐ ರೂಮಿನಲ್ಲಿ, ಅಂದರೆ ಯೂನಿಟ್‌ನ ಚಿಕಿತ್ಸಾ ಕೊಠಡಿಯಲ್ಲಿ ಇರುತ್ತಾರೆ.

ಮೆಡಿಕಲ್ ವರ್ಗಕ್ಕೆ ಶೇಪ್ ಎಂದು ಹೆಸರು: ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಂಬ ಐದರ ಅಳತೆ. ಶೇಪ್-1 ಎಂದರೆ ಐದರಲ್ಲೂ ಪೂರ್ತಿ ಸರಿ. ಪ್ರಮೋಷನ್‌ಗೆ ಇದೇ ಮೂಲ ಅಪೇಕ್ಷೆ. ಯುದ್ಧದಲ್ಲಿ ಗಾಯಗೊಂಡವರಿಗೆ ವಿನಾಯಿತಿಯ ನಿಯಮ ಬೇರೆ ಇದೆ. ತೂಕ ಮಿತಿ ಮೀರಿದ್ದಕ್ಕೇ ವರ್ಗ ಕೆಳಗಿಳಿಸಿಕೊಂಡವರು ಬಹಳ, ಅದು ನಮಗೆ ತೀರಾ ನೋವು ಕೊಡುವ ಸಂಗತಿ, ಯಾಕೆಂದರೆ ಅದು ಕೈಯಲ್ಲಿದ್ದ ವಿಷಯ. ತಾತ್ಕಾಲಿಕವಾಗಿ ಕೆಳಗಿನ ವರ್ಗದಲ್ಲಿದ್ದರೆ ಮರುಪರೀಕ್ಷೆಯ, ಅಂದರೆ ರಿಕ್ಯಾಟ್‌ನ ದಿನಾಂಕ ತಪ್ಪಿಸಲೇಬೇಡಿ. ರಜೆಗೆ ಹೋಗಿ ಆ ದಿನ ದಾಟಿಸಿದರೆ ವರ್ಗ ಹಾಗೇ ಮುಂದುವರಿಯುತ್ತದೆ, ಅಷ್ಟರಲ್ಲಿ ಹುದ್ದೆ ಇನ್ನೊಬ್ಬರ ಪಾಲಾಗಿರುತ್ತದೆ.

ಹಂತ 4: ಕೆಂಪು ಶಾಯಿಯಿಂದ ದೂರ

ಶಿಕ್ಷೆಗಳು ದಾಖಲೆಯಲ್ಲಿ ಎರಡು ಬಗೆಯಾಗಿ ಕೂರುತ್ತವೆ: ಚಿಕ್ಕವು ಕಪ್ಪು ಶಾಯಿ, ದೊಡ್ಡವು ಕೆಂಪು ಶಾಯಿ. ರೆಡ್ ಇಂಕ್ ಎಂಟ್ರಿ ಎಂದು ಪಲ್ಟಣದಲ್ಲಿ ಎಲ್ಲರೂ ಹೆದರುವುದು ಇದಕ್ಕೇ. 1950ರ ಆರ್ಮಿ ಆಕ್ಟ್‌ನ ಸೆಕ್ಷನ್ 80ರ ಅಡಿ ಕಮಾಂಡಿಂಗ್ ಆಫೀಸರ್ 28 ದಿನದವರೆಗಿನ ಜೈಲು ಇಲ್ಲವೇ ಡಿಟೆನ್ಷನ್, ತೀವ್ರ ಛೀಮಾರಿ, ಛೀಮಾರಿ, ದಂಡ ಮುಂತಾದ ಶಿಕ್ಷೆ ಕೊಡಬಹುದು. ಇತ್ತೀಚಿನ ಕೆಂಪು ನಮೂದು ಪ್ರಮೋಷನ್‌ಗೆ ನೇರವಾಗಿ ಅಡ್ಡ ಬರುತ್ತದೆ.

ಒಳ್ಳೆಯ ನಾಯಕ್‌ಗಳು ಸಿಕ್ಕಿಬೀಳುವುದು ಬಹುಪಾಲು ಎರಡೇ ಕಾರಣಕ್ಕೆ: ರಜೆ ಮುಗಿದರೂ ತಡವಾಗಿ ಬರುವುದು (ಸೆಕ್ಷನ್ 39), ಕುಡಿದು ಸಿಕ್ಕುವುದು (ಸೆಕ್ಷನ್ 48). ಮೊದಲನೆಯದಕ್ಕೆ ಪರಿಹಾರ ಸರಳ. ರಜೆಯ ಕೊನೆಯ ದಿನಕ್ಕೆ ರೈಲು ಬುಕ್ ಮಾಡಬೇಡಿ, ಒಂದು ದಿನ ಮುಂಚೆ ತಲುಪುವ ಹಾಗೆ ಹೊರಡಿ. ಮನೆಯಲ್ಲಿ ನಿಜವಾದ ತೊಂದರೆ ಬಂದಿದ್ದರೆ ರಜೆ ಮುಗಿಯುವ ಮೊದಲೇ ಕಂಪನಿಗೆ ತಿಳಿಸಿ ವಿಸ್ತರಣೆ ಕೇಳಿ, ಕೇಳಿದ್ದಕ್ಕೆ ಲಿಖಿತ ಪುರಾವೆ ಇಟ್ಟುಕೊಳ್ಳಿ. ಕಾಯಿಲೆಯಾದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಿ ವರದಿ ಮಾಡಿ. ಖಾಸಗಿ ವೈದ್ಯರ ಚೀಟಿಯೊಂದನ್ನೇ ಹಿಡಿದು ಹತ್ತು ದಿನ ತಡವಾಗಿ ಬಂದರೆ ಅದು ನಿಲ್ಲುವುದು ಕಷ್ಟ.

ಹಂತ 5: ಪ್ರಮೋಷನ್ ಕೇಡರ್

ಕೇಡರ್ ಎಂದರೆ ನಾಯಕ್‌ನಿಂದ ಹವಾಲ್ದಾರ್‌ಗೆ ಹೋಗುವ ಮೊದಲಿನ ತರಬೇತಿ ಮತ್ತು ಪರೀಕ್ಷೆ. ಡ್ರಿಲ್, ಶಸ್ತ್ರ ತರಬೇತಿ, ಫೈರಿಂಗ್, ಪಿ.ಟಿ., ಫೀಲ್ಡ್ ಕ್ರಾಫ್ಟ್, ಸೆಕ್ಷನ್ ಎಂಬ ಪುಟ್ಟ ತುಕಡಿಯ ಮಟ್ಟದ ಟ್ಯಾಕ್ಟಿಕ್ಸ್, ಮ್ಯಾಪ್ ರೀಡಿಂಗ್, ಸೇನಾ ಕಾನೂನು, ಆಡಳಿತ ಎಲ್ಲವೂ ಬರುತ್ತವೆ. ಇಲ್ಲಿ ನೋಡುವುದು ನಿಮಗೆ ಗೊತ್ತಿದೆಯೇ ಎನ್ನುವುದಕ್ಕಿಂತ, ಹತ್ತು ಜನಕ್ಕೆ ಕಲಿಸಿ ಮಾಡಿಸಬಲ್ಲಿರಾ ಎನ್ನುವುದನ್ನು.

*ಪಾಠ ಮಾಡುವುದು.* ನಮ್ಮ ಕನ್ನಡದ ಹುಡುಗರಿಗೆ ಕೇಡರ್‌ನಲ್ಲಿ ದೊಡ್ಡ ಗೋಡೆ ಹಿಂದಿ. ದಿನಬಳಕೆಯ ಹಿಂದಿ ಬಂದರೂ ಎದ್ದು ನಿಂತು 40 ನಿಮಿಷ ಪಾಠ ಮಾಡುವಾಗ ತಡವರಿಸುತ್ತಾರೆ. ವಸ್ತುಗಳಿಗೂ ಗಂಡು ಹೆಣ್ಣೆಂಬ ಲಿಂಗ ಹಿಂದಿಯಲ್ಲಿದೆ, ನಮ್ಮಲ್ಲಿಲ್ಲ. "ರೈಫಲ್ ಖುಲ್ತಾ ಹೈ" ಎಂದು ಒಮ್ಮೆ, "ಖುಲ್ತೀ ಹೈ" ಎಂದು ಇನ್ನೊಮ್ಮೆ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಂಡು ಮಾತು ನಿಲ್ಲಿಸಬೇಡಿ. ಲಿಂಗ ತಪ್ಪಿದರೆ ನಡೆಯುತ್ತದೆ, ಕ್ರಮ ತಪ್ಪಿದರೆ ಅಂಕ ಹೋಗುತ್ತದೆ.

ಕ್ರಮ ಹೀಗೆ. ಮೊದಲು "ಶುರು ಶುರು ಕಾ ಕಾಮ್": ಕ್ಲಾಸಿನ ಗಿನತಿ (ಎಣಿಕೆ), ಶಸ್ತ್ರಗಳ ತಪಾಸಣೆ, ಕುಳಿತುಕೊಳ್ಳುವ ವ್ಯವಸ್ಥೆ. ನಂತರ ಹಿಂದಿನ ಪಾಠದ ದೋಹರಾಯಿ, ಅಂದರೆ ಪುನರಾವರ್ತನೆ. ಆಮೇಲೆ "ಪಹುಂಚ್", ಅಂದರೆ ಈ ಪಾಠ ಯಾಕೆ ಬೇಕು ಎಂಬ ಎರಡು ವಾಕ್ಯ. ಉದ್ದೇಶ, ಸಾಮಾನು, ಪಾಠದ ಭಾಗಗಳು. ಪ್ರತಿ ಭಾಗದಲ್ಲೂ ನೀವು ಮಾಡಿ ತೋರಿಸಿ, ವಿವರಿಸಿ, ಅವರಿಂದ ಮಾಡಿಸಿ. ಕೊನೆಗೆ ಪ್ರಶ್ನೆ, ಸಂಕ್ಷೇಪ, ಮತ್ತೆ ಶಸ್ತ್ರ ತಪಾಸಣೆ. ಹೆಚ್ಚಿನವರು ಮಾತಿನಲ್ಲೇ 30 ನಿಮಿಷ ಕಳೆದು ಅಭ್ಯಾಸಕ್ಕೆ ಸಮಯ ಉಳಿಸುವುದಿಲ್ಲ. ಸಮಯದ ಅರ್ಧ ಭಾಗ ಶಸ್ತ್ರ ಹುಡುಗರ ಕೈಯಲ್ಲಿರಬೇಕು. ಆರಂಭದ ಅಥವಾ ಕೊನೆಯ ಶಸ್ತ್ರ ತಪಾಸಣೆ ಮರೆತರೆ ಉಳಿದ ಪಾಠ ಎಷ್ಟೇ ಚೆನ್ನಾಗಿದ್ದರೂ ಕೆಟ್ಟ ಹೆಸರು ಖಚಿತ, ಅದು ನ್ಯಾಯವೂ ಹೌದು.

ಅಭ್ಯಾಸಕ್ಕೆ ಒಂದು ಉಪಾಯ: ಐದು ಪಾಠಗಳನ್ನು ಆರಿಸಿ, ಪ್ರತಿಯೊಂದರ ಪಹುಂಚ್ ಮತ್ತು ಭಾಗಗಳನ್ನು ಒಂದೊಂದು ಪೋಸ್ಟ್‌ಕಾರ್ಡ್ ಅಳತೆಯ ಕಾಗದಕ್ಕೆ ಇಳಿಸಿ. ಬೇಕಿದ್ದರೆ ಹಿಂದಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಸಂಜೆ ರೋಲ್ ಕಾಲ್ ಆದ ಮೇಲೆ ಇಬ್ಬರನ್ನು ಕೂರಿಸಿ ಗಟ್ಟಿಯಾಗಿ ಹೇಳಿ.

*ಡ್ರಿಲ್.* ಆದೇಶದ ಮೊದಲ ಭಾಗ ಎಚ್ಚರಿಸಲು, ಎರಡನೆಯದು ಮಾಡಿಸಲು. ಎರಡರ ನಡುವಿನ ಬಿಡುವು ಒಂದೇ ಸಮ ಇರಬೇಕು. ದನಿ ಗಂಟಲಿನಿಂದ ತೆಗೆದರೆ ಎರಡನೇ ದಿನಕ್ಕೇ ಕಟ್ಟಿಕೊಳ್ಳುತ್ತದೆ, ಹೊಟ್ಟೆಯಿಂದ ತೆಗೆಯಿರಿ. ನಡೆಯುತ್ತಿರುವ ಸ್ಕ್ವಾಡಿಗೆ ತಪ್ಪಾದ ಕಾಲಿನ ಮೇಲೆ ಆದೇಶ ಕೊಟ್ಟರೆ ಇಡೀ ಸಾಲು ಚದುರುತ್ತದೆ, ತಪ್ಪು ಮಾತ್ರ ನಿಮ್ಮದೇ. ಸ್ಕ್ವಾಡ್ ಇಲ್ಲದಾಗ ಒಬ್ಬರೇ ನಡೆಯುತ್ತ ನಿಮಗೆ ನೀವೇ ಆದೇಶ ಕೊಟ್ಟುಕೊಂಡು ಕಾಲು ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ.

*ಸೆಕ್ಷನ್ ಆರ್ಡರ್.* ಇನ್‌ಫೆಂಟ್ರಿ ಸೆಕ್ಷನ್ ಎಂದರೆ 10 ಜನ. ಮೂರು ಸೆಕ್ಷನ್ ಒಂದು ಪ್ಲಟೂನ್. ದಾಳಿಗೋ ಗಸ್ತಿಗೋ ಹೊರಡುವ ಮೊದಲು ಕೊಡುವ ಆದೇಶಕ್ಕೆ ನಿಗದಿತ ಕ್ರಮವಿದೆ: ನೆಲದ ಗುರುತುಗಳು, ಶತ್ರುವಿನ ಮತ್ತು ನಮ್ಮವರ ಖಬರ್, ಮಕ್ಸದ್ ಅಂದರೆ ಮಾಡಬೇಕಾದ ಕೆಲಸ, ಮಾಡುವ ತರೀಕಾ ಅಂದರೆ ರೀತಿ, ನೀರು ಊಟ ಮದ್ದುಗುಂಡು ಗಾಯಾಳುಗಳ ವ್ಯವಸ್ಥೆ, ಕಮಾಂಡ್ ಮತ್ತು ಸಿಗ್ನಲ್. ಕೊನೆಗೆ ಗಡಿಯಾರ ಹೊಂದಿಸುವುದು, ಪ್ರಶ್ನೆ. ಮಕ್ಸದ್ ಒಂದೇ ವಾಕ್ಯದಲ್ಲಿರಲಿ, ಎರಡು ಸಲ ಹೇಳಿ. ಎದುರಿಗಿರುವ ಕಿರಿಯ ಸಿಪಾಯಿಯನ್ನು ಎಬ್ಬಿಸಿ ಕೇಳಿ. ಅವನು ತಿರುಗಿ ಹೇಳಿದರೆ ಆದೇಶ ಮುಟ್ಟಿದೆ.

ಸಮಯದ ಹಂಚಿಕೆಯನ್ನು ಪರೀಕ್ಷಕರು ಗಮನಿಸುತ್ತಾರೆ. ಹೊರಡಲು 3 ಗಂಟೆ ಇದ್ದರೆ ನಿಮ್ಮ ಯೋಜನೆಗೂ ಆದೇಶಕ್ಕೂ ಸೇರಿ 1 ಗಂಟೆ. ಉಳಿದ 2 ಗಂಟೆ ಹುಡುಗರ ಸಿದ್ಧತೆಗೆ, ರಿಹರ್ಸಲ್‌ಗೆ.

*ಫೈರ್ ಆರ್ಡರ್.* ಗ್ರಿಟ್ (GRIT) ಎಂಬ ನಾಲ್ಕು ಇಂಗ್ಲಿಷ್ ಅಕ್ಷರದ ಕ್ರಮ: ಯಾರು ಹೊಡೆಯಬೇಕು, ಎಷ್ಟು ದೂರ, ಗುರಿ ಎಲ್ಲಿ, ಯಾವ ಬಗೆಯ ಫೈರ್. "ನಂಬರ್ 2 ಸೆಕ್ಷನ್ – ಚಾರ್ ಸೌ – ಸಾಮ್ನೇ ಅಕೇಲಾ ಪೇಡ್, ತೀನ್ ಬಜೇ, ಝಾಡಿ – ರಾಪಿಡ್ ಫೈರ್." ಅಂದರೆ ದೂರ ನಾನೂರು, ಎದುರಿಗೆ ಒಂಟಿ ಮರ, ಮೂರು ಗಂಟೆ, ಪೊದೆ. ಮರದ ಮೇಲೆ ಗಡಿಯಾರ ಇಟ್ಟ ಹಾಗೆ ಕಲ್ಪಿಸಿಕೊಂಡರೆ ಮೂರು ಗಂಟೆಯ ದಿಕ್ಕು, ಅಂದರೆ ಮರದ ಬಲಕ್ಕೆ. ದೂರ ಹೇಳಿದ ತಕ್ಷಣ ಒಂದು ಕ್ಷಣ ನಿಲ್ಲಿ, ಹುಡುಗರು ಸೈಟ್ ಹೊಂದಿಸಿಕೊಳ್ಳಬೇಕು. ಆ ಬಿಡುವು ಕೊಡದೆ ಒಂದೇ ಉಸಿರಿಗೆ ಹೇಳಿ ಮುಗಿಸುವುದೇ ಇಲ್ಲಿನ ಸಾಮಾನ್ಯ ತಪ್ಪು.

ಇನ್‌ಫೆಂಟ್ರಿಯವರಿಗೆ ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್‌ನ ಕೋರ್ಸ್‌ಗೆ ಹೆಸರು ಬಂದರೆ ಬಿಡಬೇಡಿ. ಸೆಕ್ಷನ್ ನಡೆಸುವುದನ್ನು ಅಲ್ಲಿ ಕಲಿಸುವಷ್ಟು ಕಟ್ಟುನಿಟ್ಟಾಗಿ ಪಲ್ಟಣದಲ್ಲಿ ಕಲಿಯಲು ಬಿಡುವು ಸಿಗುವುದಿಲ್ಲ.

ಹಂತ 6: ಪಟ್ಟಿ ಬಂದ ದಿನ, ಸಂಬಳದ ಲೆಕ್ಕ

ಏಳನೇ ವೇತನ ಆಯೋಗದಂತೆ ನಾಯಕ್ ಲೆವೆಲ್ 4, ಮೂಲವೇತನ 25,500 ರೂಪಾಯಿಯಿಂದ ಶುರು. ಹವಾಲ್ದಾರ್ ಲೆವೆಲ್ 5, 29,200ರಿಂದ. ತಿಂಗಳಿಗೆ 5,200 ರೂಪಾಯಿಯ ಮಿಲಿಟರಿ ಸರ್ವಿಸ್ ಪೇ ಎರಡಕ್ಕೂ ಒಂದೇ. ಪ್ರಮೋಷನ್ ಆದಾಗ ಹಳೆಯ ಲೆವೆಲ್‌ನಲ್ಲಿ ಒಂದು ಇನ್‌ಕ್ರಿಮೆಂಟ್ ಸೇರಿಸಿ, ಆ ಮೊತ್ತಕ್ಕೆ ಸಮನಾದ ಅಥವಾ ಅದರ ಮುಂದಿನ ಹಂತದಲ್ಲಿ ಹೊಸ ಲೆವೆಲ್‌ಗೆ ಕೂರಿಸುತ್ತಾರೆ. ಇದನ್ನು ಬಡ್ತಿಯ ದಿನದಿಂದಲೇ ಮಾಡಿಸಬೇಕೋ, ನಿಮ್ಮ ಮುಂದಿನ ಇನ್‌ಕ್ರಿಮೆಂಟ್ ದಿನದಿಂದ (ಜನವರಿ 1 ಅಥವಾ ಜುಲೈ 1) ಮಾಡಿಸಬೇಕೋ ಎಂಬ ಆಯ್ಕೆ ನಿಮ್ಮದು. ಎರಡನ್ನೂ ಲೆಕ್ಕ ಹಾಕಿಸಿ ನೋಡಿ, ಗಡುವಿನೊಳಗೆ ಲಿಖಿತವಾಗಿ ಕೊಡಿ.

ಇನ್ನು ಎಂಎಸಿಪಿ. ಇದು 8, 16, 24 ವರ್ಷಕ್ಕೆ ಸಿಗುವ ಆರ್ಥಿಕ ಮೇಲ್ದರ್ಜೆ. ಸಂಬಳದ ಲೆವೆಲ್ ಏರುತ್ತದೆ, ಪಟ್ಟಿ ಬರುವುದಿಲ್ಲ, ಕಮಾಂಡ್ ಬರುವುದಿಲ್ಲ. 16 ವರ್ಷದ ಎಂಎಸಿಪಿಯಲ್ಲಿ ಈಗಾಗಲೇ ಲೆವೆಲ್ 5ಕ್ಕೆ ಬಂದಿದ್ದರೆ, ನಿಜವಾದ ಹವಾಲ್ದಾರ್ ಬಡ್ತಿಯಾದಾಗ ಮತ್ತೊಮ್ಮೆ ಏರಿಕೆ ಇರುವುದಿಲ್ಲ. "ಪ್ರಮೋಷನ್ ಆದರೂ ಸಂಬಳ ಹೆಚ್ಚಲಿಲ್ಲ" ಎಂಬ ದೂರಿನ ಮೂಲ ಇದೇ.

ಇಲ್ಲೊಂದು ದೊಡ್ಡ ಹಳ್ಳವಿದೆ. ಸಂಬಳ ಹೇಗೂ ಬರುತ್ತಿದೆ, ಜವಾಬ್ದಾರಿ ಯಾಕೆ ಎಂದು ಬಡ್ತಿ ಬೇಡವೆಂದು ಸಹಿ ಹಾಕುವವರಿದ್ದಾರೆ. ಬಡ್ತಿ ಬಂದಾಗ ನಿರಾಕರಿಸಿದವರಿಗೆ ಮುಂದಿನ ಎಂಎಸಿಪಿಯೂ ತಪ್ಪುತ್ತದೆ. ಅನ್‌ವಿಲ್ಲಿಂಗ್‌ನೆಸ್ ಸರ್ಟಿಫಿಕೇಟ್ ಎಂಬ ಆ ಕಾಗದಕ್ಕೆ ಸಹಿ ಹಾಕುವ ಮೊದಲು ಮನೆಯವರೊಂದಿಗೆ ಕೂತು ಪಿಂಚಣಿಯವರೆಗಿನ ಲೆಕ್ಕ ಹಾಕಿ.

ಹಂತ 7: ಮೊದಲ ಮೂರು ತಿಂಗಳು

ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಲಂಗರಿಗೆ (ಊಟದ ಮನೆಗೆ) ಹೋಗುತ್ತಿದ್ದವನಿಗೆ ಇವತ್ತು ಗಾರ್ಡ್ ಡ್ಯೂಟಿ ಹಾಕಬೇಕು. ಹೊಸ ಹವಾಲ್ದಾರ್ ಸೋಲುವುದು ಇಲ್ಲಿ, ಗೆಲ್ಲುವುದೂ ಇಲ್ಲೇ.

ಮೊದಲು ಡ್ಯೂಟಿ ರೋಸ್ಟರ್. ಒಂದು ಸೆಂಟ್ರಿ ಪೋಸ್ಟನ್ನು 24 ಗಂಟೆ ನಡೆಸಲು, 2 ಗಂಟೆ ಕಾವಲು 4 ಗಂಟೆ ವಿಶ್ರಾಂತಿಯ ಲೆಕ್ಕದಲ್ಲಿ, 3 ಜನ ಬೇಕು. ಹತ್ತರಲ್ಲಿ ಇಬ್ಬರು ರಜೆ, ಒಬ್ಬ ಕೋರ್ಸ್, ಒಬ್ಬ ಆಸ್ಪತ್ರೆ ಎಂದರೆ ಉಳಿದವರು 6. ಒಂದು ಪೋಸ್ಟ್ ಕೊಟ್ಟರೆ ಒಬ್ಬೊಬ್ಬನಿಗೂ ದಿನ ಬಿಟ್ಟು ದಿನ ಗಾರ್ಡ್. ಎರಡು ಪೋಸ್ಟ್ ಕೊಟ್ಟರೆ ಯಾರಿಗೂ ರಾತ್ರಿ ನಿದ್ದೆಯಿಲ್ಲ. ಈ ಲೆಕ್ಕ ಕಾಗದದ ಮೇಲೆ ಇದ್ದರೆ ಸಿಎಚ್‌ಎಂ, ಅಂದರೆ ಕಂಪನಿ ಹವಾಲ್ದಾರ್ ಮೇಜರ್ ಮುಂದೆ ನೀವು ಗಟ್ಟಿಯಾಗಿ ಮಾತಾಡಬಹುದು. ಬರೀ "ಜನ ಸಾಲಲ್ಲ ಉಸ್ತಾದ್" ಎಂದರೆ ಯಾರೂ ಕೇಳುವುದಿಲ್ಲ. ಭಾನುವಾರ, ಹಬ್ಬದ ದಿನದ ಡ್ಯೂಟಿಗೆ ಬೇರೆ ಕಾಲಂ ಇರಲಿ. ದೀಪಾವಳಿಯಂದು ಎರಡು ವರ್ಷ ಸತತ ಗಾರ್ಡ್ ಬಿದ್ದವನು ಬಾಯಿಬಿಟ್ಟು ಹೇಳುವುದಿಲ್ಲ, ಮರೆಯುವುದೂ ಇಲ್ಲ.

ರಜೆಯ ಲೆಕ್ಕವೂ ಹಾಗೇ. ಒಬ್ಬ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಹತ್ತು ಜನಕ್ಕೆ 900 ದಿನ. 365ರಿಂದ ಭಾಗಿಸಿದರೆ ವರ್ಷವಿಡೀ ಯಾವತ್ತೂ ಎರಡು ಮೂರು ಜನ ರಜೆಯಲ್ಲಿರಲೇಬೇಕು. ಜನವರಿಯಲ್ಲೇ ಪ್ರತಿಯೊಬ್ಬನನ್ನೂ ಕೂರಿಸಿ ಕೇಳಿ: ತಂಗಿಯ ಮದುವೆ ಯಾವಾಗ, ಹೊಲದ ಕೆಲಸ ಯಾವಾಗ, ಹೆರಿಗೆ ಯಾವ ತಿಂಗಳು. ಹಾಗೆ ಮಾಡದಿದ್ದರೆ ಆರು ಜನ ಮೇ ತಿಂಗಳಲ್ಲಿ ಒಟ್ಟಿಗೆ ಅರ್ಜಿ ಹಾಕುತ್ತಾರೆ, ನಾಲ್ವರ ಮನಸ್ಸು ಮುರಿಯುತ್ತದೆ.

ಶಸ್ತ್ರ ಕೋತ್‌ನಿಂದ, ಅಂದರೆ ಶಸ್ತ್ರಾಗಾರದಿಂದ ಹೊರಬರುವಾಗ, ಒಳಹೋಗುವಾಗ ರಿಜಿಸ್ಟರಿನ ನಂಬರನ್ನೂ ರೈಫಲ್ ಮೇಲಿನ ನಂಬರನ್ನೂ ನೀವೇ ಹೊಂದಿಸಿ ನೋಡಿ. ಮ್ಯಾಗಜೀನ್, ಗುಂಡು ಕೈಯಲ್ಲಿ ಹಿಡಿದು ಎಣಿಸಿ. ಹಿಂದಿನ ಗಾರ್ಡ್ ಕಮಾಂಡರ್ ಮೇಲಿನ ನಂಬಿಕೆಯಿಂದ ಎಣಿಸದೆ ಸಹಿ ಹಾಕಿದರೆ, ಆ ಕ್ಷಣದಿಂದ ಕಡಿಮೆಯಾದ ಪ್ರತಿ ಗುಂಡಿಗೂ ಉತ್ತರ ಹೇಳಬೇಕಾದವರು ನೀವು.

ತಪ್ಪು ಮಾಡಿದವನಿಗೆ ಶಿಕ್ಷೆ ಕೊಡುವ ಅಧಿಕಾರ ಹವಾಲ್ದಾರ್‌ಗೆ ಇಲ್ಲ. ತಿದ್ದುವುದು, ಮತ್ತೆ ಮಾಡಿಸುವುದು, ವರದಿ ಮಾಡುವುದು ನಿಮ್ಮ ಕೆಲಸ. ವರದಿಯಲ್ಲಿ ದಿನ, ಸಮಯ, ಜಾಗ, ನೋಡಿದವರು ಯಾರು ಎಂಬ ನಾಲ್ಕೂ ಇರಲಿ. ಕೈ ಮಾತ್ರ ಎತ್ತಲೇಬೇಡಿ. ಕೆಳಗಿನವರನ್ನು ಹೊಡೆಯುವುದು, ಹಿಂಸಿಸುವುದು ಆರ್ಮಿ ಆಕ್ಟ್ ಸೆಕ್ಷನ್ 47ರ ಅಪರಾಧ, ಕೋರ್ಟ್ ಮಾರ್ಷಲ್‌ನಲ್ಲಿ 7 ವರ್ಷದವರೆಗೆ ಜೈಲು. "ನಮಗೂ ಹಿಂದೆ ಹೊಡೆದಿದ್ದರು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ಸಣ್ಣವೆನಿಸುವ ಎರಡು ಎಚ್ಚರಿಕೆ. ಸೆಕ್ಷನ್‌ನಲ್ಲಿ ನಮ್ಮ ಊರಿನ ಕಡೆಯ ಹುಡುಗ ಇದ್ದರೆ ಡ್ಯೂಟಿ ಹಂಚುವಾಗ ಅವನೊಂದಿಗೆ ಕನ್ನಡದಲ್ಲಿ ಮಾತಾಡಬೇಡಿ. ಉಳಿದ ಎಂಟು ಜನಕ್ಕೆ ಅರ್ಥವಾಗದ ಮಾತು ಪಕ್ಷಪಾತದಂತೆ ಕೇಳುತ್ತದೆ. ಕೆಲಸ ಮುಗಿದ ಮೇಲೆ ಎಷ್ಟು ಬೇಕಾದರೂ ಆಡಿ. ಎರಡನೆಯದು, ಕೈಕೆಳಗಿನವರಿಂದ ಸಾಲ ಪಡೆಯಬೇಡಿ. ಐನೂರು ರೂಪಾಯಿ ಕೊಟ್ಟವನಿಗೆ ಮರುದಿನ ಗಾರ್ಡ್ ಹಾಕಲು ನಾಲಗೆ ಏಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ರಜೆಯಿಂದ ಬಂದವನ ಮುಖ ನೋಡಿ. ಊಟ ಬಿಟ್ಟವನು, ಫೋನ್ ಬಂದಾಗಲೆಲ್ಲ ಎದ್ದು ಹೋಗುವವನು, ಮಾತು ಕಡಿಮೆ ಮಾಡಿದವನು, ನಿದ್ದೆ ಬರದವನು, ಇವರನ್ನು ಮೊದಲು ಗುರುತಿಸಬೇಕಾದವರು ನೀವೇ, ಯಾಕೆಂದರೆ ಅದೇ ಬ್ಯಾರಕ್ಕಿನಲ್ಲಿ ಮಲಗುವವರು ನೀವು. ಜಮೀನಿನ ತಕರಾರೋ, ಮನೆಯ ಜಗಳವೋ, ಸಾಲವೋ ಇರಬಹುದು. ಒಬ್ಬನೇ ಇದ್ದಾಗ ಕೇಳಿ. ಅಂದೇ ಪ್ಲಟೂನಿನ ಜೆಸಿಒ ಸಾಹೇಬರಿಗೆ ತಿಳಿಸಿ, ಆ ರಾತ್ರಿ ಅವನನ್ನು ಗುಂಡು ತುಂಬಿದ ರೈಫಲ್ ಹಿಡಿದು ಒಂಟಿಯಾಗಿ ನಿಲ್ಲುವ ಕಾವಲಿಗೆ ಹಾಕಬೇಡಿ. ಮನೆಯ ತಕರಾರಿನ ಬಗ್ಗೆ ಕಮಾಂಡಿಂಗ್ ಆಫೀಸರ್ ಜಿಲ್ಲಾಧಿಕಾರಿಗೆ, ಪೊಲೀಸ್ ವರಿಷ್ಠಾಧಿಕಾರಿಗೆ ಪತ್ರ ಬರೆಯುವ ಪದ್ಧತಿ ಇದೆ. ಅದನ್ನು ಹುಡುಗನಿಗೆ ಹೇಳಿ, ಅರ್ಜಿ ಬರೆಸಿಕೊಡಿ.

ಹಂತ 8: ಮುಂದಿನ ಏಣಿಗೆ ಈಗಲೇ

ಹವಾಲ್ದಾರ್‌ನಿಂದ ನಾಯಬ್ ಸುಬೇದಾರ್‌ಗೆ ಹೋಗುವಾಗ ಎಸಿಆರ್, ಅಂದರೆ ವಾರ್ಷಿಕ ಗೋಪ್ಯ ವರದಿ, ತೂಕದ ವಿಷಯ. ಹಿಂದಿನ ವರ್ಷಗಳ ವರದಿಗಳನ್ನು ಒಟ್ಟಿಗೆ ನೋಡುತ್ತಾರೆ, ಹಾಗಾಗಿ ಹವಾಲ್ದಾರ್ ಆದ ಮೊದಲ ವರ್ಷದ್ದೂ ಲೆಕ್ಕಕ್ಕೆ ಬರಬಹುದು. ಪಟ್ಟಿ ಹಾಕಿಕೊಂಡು ಹಾಯಾಗಿ ಕಳೆದ ಒಂದು ವರ್ಷ ನಾಲ್ಕು ವರ್ಷದ ನಂತರ ಎದುರಿಗೆ ಬಂದು ನಿಲ್ಲುತ್ತದೆ. ಸಿಎಚ್‌ಎಂ ಅಥವಾ ಕಂಪನಿಯ ರೇಷನ್, ಸಾಮಾನು ನೋಡಿಕೊಳ್ಳುವ ಸಿಕ್ಯೂಎಂಎಚ್ ನೇಮಕ ಸಿಕ್ಕರೆ ತೆಗೆದುಕೊಳ್ಳಿ. ಇವು ದರ್ಜೆಗಳಲ್ಲ, ಕಮಾಂಡಿಂಗ್ ಆಫೀಸರ್ ಕೊಡುವ ಜವಾಬ್ದಾರಿಗಳು, ಹಾಗೆಯೇ ವಾಪಸ್ ತೆಗೆದುಕೊಳ್ಳಲೂ ಬಹುದು. ಸಿಕ್ಯೂಎಂಎಚ್ ಆಗುವವರು ಚಾರ್ಜ್ ತೆಗೆದುಕೊಳ್ಳುವ ದಿನ ಕಂಬಳಿಯಿಂದ ಹಿಡಿದು ಮೆಸ್ ಟಿನ್‌ವರೆಗೆ ಪ್ರತಿಯೊಂದನ್ನೂ ಲೆಡ್ಜರ್ ಎದುರಿಟ್ಟುಕೊಂಡು ಎಣಿಸಿ, ಕಡಿಮೆ ಇರುವುದನ್ನು ಸಹಿಗೆ ಮೊದಲೇ ಬರೆಸಿ.

ಎಸಿಇಯ ಮೊದಲನೇ ದರ್ಜೆ ಬಾಕಿ ಇದ್ದರೆ ಮುಂದಿನ ಪರೀಕ್ಷೆಗೆ ಹೆಸರು ಕೊಟ್ಟುಬಿಡಿ. ಪಾಸಾದ ವಾರವೇ ಪಾರ್ಟ್ ಟು ಆರ್ಡರ್ ನಂಬರು ಕೇಳಿ ಅದೇ ಹಳೆಯ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.